‘ಸ್ಮೆಲ್ಸ್ ನೈಸ್’ ಸರಿನೋ ‘ನೈಸ್ಲಿ’ ಸರಿನೋ?

ನಮಸ್ಕಾರ್ರೀ ಎಲ್ಲಾರಿಗೂ. ‘ದ ಆಮಟಿ ಸ್ಮೆಲ್ಸ್ ನೈಸ್’ (ಆಮಟಿ ಅಂದ್ರ ಮರಾಠಿ ಮಂದಿ ಬ್ಯಾಳಿ ಸಾರು) ಅನ್ನಬೇಕೋ ‘ನೈಸ್ಲಿ’ ಅನ್ನಬೇಕೋ ಅಂತ ಇಲ್ಲಿ ಪುಣೆದಾಗ ನನಗ ಮ್ಯಾಲಿಂದ ಮ್ಯಾಲ ಕೇಳ್ತಾರ, ಅದೂ ಜಾಸ್ತಿ ಕನ್ನಡ ಮನಿ ಹುಡುಗ್ರು. ವರ್ಬ್ ಬಂತಂದ್ರ ಅದರ ಜೋಡಿ ಅಡ್ವರ್ಬೇ ಬರಬೇಕು ಅಂತ ಸಾಲ್ಯಾಗ ತಲ್ಯಾಗ ತುಂಬಿರ್ತಾರ, ಮ್ಯಾಲ ನಾವು ಮನ್ಯಾಗ ‘ಚಂದಾಗಿ ಕಾಣ್ತದ’ ಅಂತೀವಿ, ಆ ‘ಆಗಿ’ ಇದ್ದಲ್ಲೆಲ್ಲಾ ಕೈ ತಾನ ಒಂದು ‘ಲಿ’ ಹಚ್ಚಿಬಿಡ್ತದ, ‘ಯು ಲುಕ್ ಬ್ಯೂಟಿಫುಲ್ಲಿ’ ಹುಟ್ಟೋದು ಹಿಂಗ.

ಸರಿ ಇರೋದು ‘ನೈಸ್’, ಅಂದ್ರ ಅಡ್ಜೆಕ್ಟಿವ್. ಲುಕ್, ಸೌಂಡ್, ಸ್ಮೆಲ್, ಟೇಸ್ಟ್, ಫೀಲ್ ಈ ಐದೂ ಹಿಂಗ ಬಂದಾಗ ಯಾರೂ ಏನೂ ಮಾಡಾಕತ್ತಿಲ್ಲ, ಆಮಟಿಗೇನು ಮೂಗಿಲ್ಲಲ್ಲ, ಅದು ಹೆಂಗದ ಅಂತ ಹೇಳ್ತೀವಿ ಅಷ್ಟ. ‘ಸ್ಮೆಲ್ಸ್’ ತಗದು ಆ ಜಾಗಾದಾಗ ‘ಈಸ್’ ಇಟ್ಟು ನೋಡ್ರಿ, ‘ಈಸ್ ನೈಸ್’ ಕೂಡ್ತದ, ‘ಈಸ್ ನೈಸ್ಲಿ’ ಕೂಡೂದಿಲ್ಲ. ಆದ್ರ ಅದೇ ವರ್ಬ್ ಬೇಕಂತ ಮಾಡೋ ಕೆಲಸ ಆತಂದ್ರ ‘ಲಿ’ ಬೇಕು: ‘ಹಿ ಲುಕ್ಡ್ ಆಂಗ್ರಿ’ ಅಂದ್ರ ಅವನ ಮಾರಿಮ್ಯಾಲ ಸಿಟ್ಟು ಕಾಣ್ತಿತ್ತು, ‘ಹಿ ಲುಕ್ಡ್ ಆಂಗ್ರಿಲಿ ಆ್ಯಟ್ ಮಿ’ ಅಂದ್ರ ನನ್ನ ಕಡೆ ಸಿಟ್ಟಿಲೆ ನೋಡಿದ. ‘ಷಿ ಟೇಸ್ಟೆಡ್ ದ ಆಮಟಿ ಕೇರ್‌ಫುಲ್ಲಿ’, ಇದೂ ಹಂಗ.

‘ಐ ಫೀಲ್ ಬ್ಯಾಡ್ಲಿ’ ಅಂತ ಇಂಗ್ಲಿಷ್ ಮಂದಿನೂ ಕೆಲವ್ರು ಅಂತಾರ, ನಾನಂತೂ ‘ಬ್ಯಾಡ್’ ಅಂತನ ಬರೀತೀನಿ. ‘ಫೀಲ್ ವೆಲ್’ ನಡೀತದ, ಅಲ್ಲಿ ‘ವೆಲ್’ ಅಂದ್ರ ಆರಾಮ ಅಂತ, ಅಡ್ಜೆಕ್ಟಿವೇ ಅದು. ‘ಲುಕ್ಸ್ ಲವ್ಲಿ’ ನೋಡಿ ಹೆದರಬ್ಯಾಡ್ರಿ, ಬಾಲಕ್ಕ ‘ಲಿ’ ಇದ್ರೂ ಜಾತಿ ಅಡ್ಜೆಕ್ಟಿವ್‌ದು.

ನನಗ ಮಜಾ ಅನಸೂದು ಬ್ಯಾರೇನ ಅದ. ಇಲ್ಲಿ ಮರಾಠಿಯೊಳಗ ‘ಆಮಟಿ ಗೋಡ ಲಾಗತೇ’ ಅಂತಾರ, ಗೋಡ (ಸಿಹಿ) ಅನ್ನೋ ಅಡ್ಜೆಕ್ಟಿವ್‌ಗೆ ಏನೂ ಹಚ್ಚೂದಿಲ್ಲ, ಇಂಗ್ಲಿಷಿನ ‘ಟೇಸ್ಟ್ಸ್ ಸ್ವೀಟ್’ ಇದ್ದಂಗನ. ನಮ್ಮ ಧಾರವಾಡ ಕಡೆ ‘ಸಿಹಿ ಹತ್ತತದ’, ‘ಕಹಿ ಹತ್ತತದ’ ಅನ್ನೋದೂ ಇದೇ ಅಚ್ಚು, ‘ಆಗಿ’ ಸುಳಿಯೂದಿಲ್ಲ, ಮೈಸೂರು ಕಡೆಯವರು ‘ಸಿಹಿಯಾಗಿದೆ’ ಅಂತಾರ ನೋಡ್ರಿ. ಆದ್ರ ನಮ್ಮ ಮನ್ಯಾಗ ‘ಹತ್ತು’ ನಾಲಿಗಿಗಷ್ಟ, ವಾಸನಿಗೆ ‘ಬರ್ತದ’, ಇಲ್ಲಾ ‘ಹೊಡೀತದ’. ಬಾಗಲಕೋಟಿ, ಕಲಬುರಗಿ ಕಡೆಯವರು ಇದ್ರ ಹೇಳ್ರಿ, ನಿಮ್ಮಲ್ಲಿ ವಾಸನಿಗೂ ‘ಹತ್ತತದ’ ಅಂತಾರೇನು?