ಸಹಾಯ ಬೇಕು: ಇಂಗ್ಲಿಷ್ ಸರ್ವನಾಮಕ್ಕೆ ಅಭ್ಯಾಸದ ಪ್ಯಾರಾಗಳು

ಗುರುಗಳಿಗೆ, ಅಕ್ಕೋರಿಗೆ ನಮಸ್ಕಾರ್ರಿ. ಮುಧೋಳ ಕಡೆಯ ಕನ್ನಡ ಮಾಧ್ಯಮದ ಎಂಟನೇ ತರಗತಿಗೆ ಅಭ್ಯಾಸದ ಹಾಳೆ ಮಾಡಾಕತ್ತೀವಿ. ‘ಐ, ಮೀ, ಮೈ, ಮೈನ್’ ಕೋಷ್ಟಕ ಎಲ್ಲರಿಗೂ ಬಾಯಿಪಾಠ. ವಾಕ್ಯ ಬರೆಯುವಾಗಲೇ ಎಡವಟ್ಟು.

ಹೆಚ್ಚು ಕಾಡುವುದು ‘ಹಿಸ್’, ‘ಹರ್’. ‘ರವಿ ತನ್ನ ತಂಗಿಯನ್ನು ಕರೆದ’ ಎಂಬುದಕ್ಕೆ ‘ರವಿ ಕಾಲ್ಡ್ ಹರ್ ಸಿಸ್ಟರ್’ ಎಂದು ಬರೆಯುತ್ತಾರೆ. ‘ತನ್ನ’ದಲ್ಲಿ ಲಿಂಗ ಕಾಣುವುದಿಲ್ಲ, ಹಾಗಾಗಿ ಮಕ್ಕಳ ಕಣ್ಣು ಮುಂದಿನ ‘ತಂಗಿ’ ಮೇಲೆ ಹೋಗುತ್ತದೆ. ಇಂಗ್ಲಿಷಿನಲ್ಲಿ ನೋಡಬೇಕಾದ್ದು ಯಾರ ತಂಗಿ ಎಂಬುದನ್ನು. ರವಿಯ ತಂಗಿ, ಆದ್ದರಿಂದ ‘ಹಿಸ್’. ಮೊದಲು ಒಡೆಯನಿಗೆ ಗೆರೆ ಎಳೆಸಿ, ಆಮೇಲೆ ಬಿಟ್ಟ ಸ್ಥಳ ತುಂಬಿಸಿದರೆ ತಪ್ಪು ಕಡಿಮೆಯಾಗುತ್ತದೆ.

ಎರಡನೆಯದು ಗೌರವದ ‘ಅವರು’. ‘ಅಪ್ಪ ಬಂದರು’ ಎಂದು ಹೇಳಿ ರೂಢಿಯಾದ ಮಕ್ಕಳು ಅಪ್ಪನಿಗೂ ‘ದೇ’ ಹಾಕುತ್ತಾರೆ. ‘ಹೀ’ ಅಂದರೆ ಅಗೌರವ ಅಲ್ಲ ಎಂದು ಬಿಡಿಸಿ ಹೇಳಲೇಬೇಕು. ‘ನನಗೆ ಜ್ವರ ಬಂದಿದೆ’ ಎಂಬುದು ‘ಮೀ ಹ್ಯಾವ್ ಫೀವರ್’ ಆಗುವುದು, ‘ಮಳೆ ಬರುತ್ತಿದೆ’ಯಲ್ಲಿ ‘ಇಟ್’ ಬಿಟ್ಟು ‘ಈಸ್ ರೇನಿಂಗ್’ ಎನ್ನುವುದು ಇದ್ದದ್ದೇ.

ಬೇಕಾದ್ದು ಇಷ್ಟು: 6–8 ವಾಕ್ಯದ ಸಣ್ಣ ಪ್ಯಾರಾಗಳು. ಬಿಡಿ ವಾಕ್ಯ ಬೇಡ, ಅದರಲ್ಲಿ ಸರ್ವನಾಮ ಯಾರನ್ನು ಸೂಚಿಸುತ್ತದೆ ಎಂದು ಹುಡುಕುವ ಕೆಲಸವೇ ಇರುವುದಿಲ್ಲ. ಪ್ರತಿ ಪ್ಯಾರಾದಲ್ಲಿ ಒಬ್ಬ ಗಂಡು, ಒಬ್ಬ ಹೆಣ್ಣು, ಒಂದು ವಸ್ತು ಇರಲಿ. ಗೋಳಗುಮ್ಮಟದ ಪ್ರವಾಸ, ಕಬ್ಬಿನ ಗಾಡಿ, ಆಲಮಟ್ಟಿ ಜಲಾಶಯ, ಯಾವ ವಿಷಯವಾದರೂ ನಡೆದೀತು. ಉತ್ತರ ಬೇರೆ ಹಾಳೆಯಲ್ಲಿ ಇರಲ್ರಿ. ಕೈಬರಹದ ಫೋಟೊ ಇದ್ದರೂ ಸಾಕು, ಟೈಪ್ ನಾವೇ ಮಾಡ್ಕೋತೀವಿ.