ಗಿರಿರಾಜ ಹೇಂಟೆ ಬಲಗಾಲು ಊರ್ತಾನೇ ಇಲ್ಲ, ಏನ್ ಮಾಡೋದು?

ತೋಟದಮನೆ_ಸಕಲೇಶಪುರ:
ಎಲ್ಲರಿಗೂ ನಮಸ್ಕಾರ. ನಮ್ಮನೇಲಿ ನಾಟಿ ಕೋಳಿ, ಗಿರಿರಾಜ ಎರಡೂ ಇದಾವೆ, ಹಗಲೆಲ್ಲ ತೋಟದಲ್ಲಿ ಮೇಯ್ತವೆ, ಸಂಜೆ ಗೂಡಿಗೆ ಬರ್ತವೆ. ಅದ್ರಲ್ಲಿ ಒಂದು ಗಿರಿರಾಜ ಹೇಂಟೆ, ಎರಡು ವರ್ಷದ್ದು, ಒಳ್ಳೆ ತೂಕ ಇದೆ, ಬಲಗಾಲು ಕುಂಟೋಕೆ ಶುರುಮಾಡ್ತು. ಈಗ ಕಾಲು ಊರ್ತಾನೇ ಇಲ್ಲ, ಎತ್ತಿ ಹಿಡ್ಕೊಂಡು ಒಂಟಿ ಕಾಲಲ್ಲಿ ನಿಲ್ಲುತ್ತೆ, ಸ್ವಲ್ಪ ಹೊತ್ತಿಗೆ ಕೂತುಬಿಡುತ್ತೆ. ಮೇವು ಹಾಕಿದ್ರೆ ಬೇರೆ ಕೋಳಿಗಳು ಓಡಿಬಂದು ಮುಗಿಸಿಬಿಡ್ತವೆ, ಇದು ಅಲ್ಲಿಗೆ ಹೋಗೋ ಹೊತ್ತಿಗೆ ಏನೂ ಇರಲ್ಲ. ಕೈಯಲ್ಲಿ ಹಿಡಿದು ಕೊಟ್ರೆ ಮಾತ್ರ ಚೆನ್ನಾಗಿ ತಿನ್ನುತ್ತೆ, ಕಣ್ಣೂ ಚುರುಕಾಗೇ ಇದೆ. ಮೊಟ್ಟೆ ನಿಲ್ಸಿದೆ. ರಕ್ತ ಗಾಯ ಏನೂ ಕಾಣ್ತಿಲ್ಲ. ನಾಯಿ, ಮುಂಗುಸಿ ಹಿಡಿದಿದ್ದೂ ಯಾರೂ ನೋಡಿಲ್ಲ.

ಅಕ್ಕಪಕ್ಕದವರೆಲ್ಲ ಕಾಲು ಹೋದ ಕೋಳಿ ಇಟ್ಕೊಂಡು ಏನ್ ಮಾಡ್ತೀರ, ಇಳಿದು ಹೋಗೋದ್ರೊಳಗೆ ಸಾರು ಮಾಡಿ ಅಂತಿದಾರೆ. ನಮ್ಮತ್ತೆ ಒಪ್ತಿಲ್ಲ, ನಂಗೂ ಇಷ್ಟ ಇಲ್ಲ, ಅತ್ತೆ ಹಿಂದಿನ ಬಾಗಿಲಿಗೆ ಬಂದ್ರೆ ಸಾಕು ಸೆರಗು ಹಿಡ್ಕೊಂಡ ಮಗು ತರ ಹಿಂದೆನೇ ಓಡಾಡ್ತಿದ್ದ ಕೋಳಿ ಅದು. ಯಾರಾದ್ರೂ ಗೊತ್ತಿರೋರು ಹೇಳಿ, ಕಾಲು ಮುರಿದಿರಬಹುದಾ? ಏನಾದ್ರೂ ರೋಗನಾ? ಬೇರೆ ಕೋಳಿಗಳಿಗೂ ಹರಡುತ್ತಾ?

ಹಿತ್ತಲಕೋಳಿ_ಹಾಸನ:
ಅಕ್ಕ ಮೊದಲು ಅದನ್ನ ಬೇರೆ ಮಾಡಿ, ಇವತ್ತೇ. ಆದ್ರೆ ಬೇರೆ ಕೋಳಿಗಳ ಕಣ್ಣಿಗೆ ಕಾಣೋ ಜಾಗದಲ್ಲೇ ಇಡಿ, ಗೂಡಿನ ಪಕ್ಕದಲ್ಲೇ ಒಂದು ಪಂಜರ ಇಟ್ರೂ ಸಾಕು, ದೊಡ್ಡ ಕುಕ್ಕೆ ಕವುಚಿದ್ರೂ ಆಗುತ್ತೆ. ಪೂರ್ತಿ ಮರೆ ಮಾಡಿದ್ರೆ ವಾಸಿಯಾಗಿ ಬಂದ ಮೇಲೆ ಹೊಸ ಕೋಳಿ ಅಂತ ಎಲ್ಲಾ ಸೇರಿ ಕುಕ್ತವೆ, ಅದೇ ಇನ್ನೊಂದು ಗಾಯ. ಕೆಳಗೆ ಭತ್ತದ ಹೊಟ್ಟು ಇಲ್ಲ ಒಣಹುಲ್ಲು ದಪ್ಪಗೆ ಹಾಕಿ, ಸಿಮೆಂಟ್ ನೆಲದ ಮೇಲೆ ಕೂರಿಸಬೇಡಿ, ಕೂತು ಕೂತು ಎದೆ ಮೂಳೆ ಹತ್ರ ಹುಣ್ಣಾಗುತ್ತೆ. ನೀರು, ಮೇವು ಕೂತಲ್ಲೇ ಕೊಕ್ಕಿಗೆ ಸಿಗೋ ಹಾಗಿರಲಿ.

ಇವತ್ತು ರಾತ್ರಿ ಕತ್ತಲಾದ್ಮೇಲೆ ಟಾರ್ಚ್ ಹಿಡ್ಕೊಂಡು ನಿಧಾನಕ್ಕೆ ನೋಡಿ, ಕತ್ತಲಲ್ಲಿ ಕೋಳಿ ಗಲಾಟೆ ಮಾಡಲ್ಲ. ಒಂದು ಟವೆಲ್‌ನಲ್ಲಿ ರೆಕ್ಕೆ ಸೇರಿಸಿ ಸುತ್ತಿ ಮಡಿಲಲ್ಲಿ ಇಟ್ಕೊಳ್ಳಿ, ಎದೆ ಮಾತ್ರ ಗಟ್ಟಿಯಾಗಿ ಅಮುಕಬೇಡಿ, ಕೋಳಿಗೆ ನಮ್ಮ ತರ ಎದೆ ಹೊಟ್ಟೆ ಮಧ್ಯೆ ಉಸಿರಾಡಿಸೋ ಪದರ (ವಪೆ) ಇಲ್ಲ, ಎದೆಗೂಡು ಅಲ್ಲಾಡಿದ್ರೇನೇ ಉಸಿರು, ಗಟ್ಟಿ ಹಿಡಿದ್ರೆ ಉಸಿರು ಕಟ್ಟುತ್ತೆ. ಕೆಳಗಿಂದ ಮೇಲಕ್ಕೆ ನೋಡ್ತಾ ಹೋಗಿ. ಮೊದಲು ಅಂಗಾಲು, ಆಮೇಲೆ ಬೆರಳ ಸಂದಿ, ಆಮೇಲೆ ಗೆಣ್ಣು, ಕೊನೆಗೆ ತೊಡೆ. ಎರಡೂ ಕಾಲು ಒಟ್ಟಿಗೆ ಹಿಡಿದು ಹೋಲಿಸಿ, ಒಂದು ಇನ್ನೊಂದಕ್ಕಿಂತ ಬಿಸಿ ಇದೆಯಾ, ದಪ್ಪ ಇದೆಯಾ ಅಂತ. ಬೆರಳಿಗೆ ಕೂದಲೋ ದಾರನೋ ಸುತ್ಕೊಂಡಿರೋದು ತುಂಬಾ ಸಾಮಾನ್ಯ, ಕಣ್ಣಿಗೆ ಕಾಣಲ್ಲ, ಚರ್ಮದೊಳಗೆ ಇಳಿದಿರುತ್ತೆ, ಬಿಟ್ರೆ ಬೆರಳೇ ಕಪ್ಪಾಗಿ ಉದುರುತ್ತೆ. ನೋಡಿ ಬಂದು ಇಲ್ಲಿ ಹಾಕಿ, ಏನು ಅಂತ ಗೊತ್ತಾಗದೆ ಯಾವ ಔಷಧಿನೂ ಕೊಡ್ಬೇಡಿ.

ಜ್ವಾರಿಕೋಳಿ_ಗದಗ:
ಅಕ್ಕಾರ, ಸಾರು ಅನ್ನೋರ ಮಾತ್ ಕೇಳಬ್ಯಾಡ್ರಿ. ಕೋಳಿ ಮೇವು ತಿಂತೈತಿ, ಕಣ್ಣು ಚುರುಕ ಅದಾವು ಅಂದ್ರ ಅದು ಬದಕಾಕ ನೋಡಾಕತ್ತೈತಿ. ನಮ್ ಕಡಿ ಜ್ವಾರಿ ಕೋಳಿಗೆ ಕಾಲ್ ಮುರದ್ರ ಬಿದರಿನ ದಬ್ಬಿ ಸಣ್ಣಗ ಸೀಳಿ, ಒಳಗ ಅರಳಿ (ಹತ್ತಿ) ಸುತ್ತಿ, ಮ್ಯಾಲ ಅರಬಿ ಪಟ್ಟಿ ಕಟ್ತಾರ, ಮೂರ್ ವಾರದಾಗ ಮೂಳಿ ಕೂಡ್ತೈತಿ. ಹಕ್ಕಿ ಜಾತಿ ಮೂಳಿ ಲಗೂನ ಕೂಡ್ತಾವ್ರಿ. ಆದ್ರ ಇದು ಗೆಣ್ಣಿನ ಕೆಳಗ, ಹುರುಪಿ ಇರೋ ಕಾಲಿಗೆ ಅಷ್ಟ. ತೊಡಿ ಮುರದಿದ್ರ ದಬ್ಬಿ ನಿಲ್ಲೂದಿಲ್ಲ, ಡಾಕ್ಟರ್ ಕಡೆ ಹೋಗ್ಬೇಕು. ಬಿಗಿ ಭಾಳ ಕಟ್ಟಬ್ಯಾಡ್ರಿ, ಕಟ್ಟಿದ ಮ್ಯಾಲ ಬೆರಳು ತಣ್ಣಗಾದ್ವು ಅಂದ್ರ ರಕ್ತ ಹರೀವಲ್ದು ಅಂತ ತಿಳದು ಕೂಡ್ಲೇ ಬಿಚ್ರಿ.

ಪಶುವೈದ್ಯ_ಮಲೆನಾಡು:
ಮೇಡಂ, ನೋಡದೆ ಖಚಿತವಾಗಿ ಹೇಳೋಕಾಗಲ್ಲ, ಆದ್ರೆ ನೀವು ಹೇಳಿದ ಪ್ರಕಾರ ಹರಡೋ ರೋಗದ ತರ ಕಾಣ್ತಿಲ್ಲ. ನೀವು ಹೆದರ್ತಿರೋದಕ್ಕೆ ಹೇಳ್ತೀನಿ. ಕೊಕ್ಕರೆ ರೋಗ ಆಗಿದ್ರೆ ಒಂದೇ ಕೋಳಿ ಕುಂಟೋದಲ್ಲ, ಹಸಿರು ಬೇಧಿ, ಬಾಯಿ ಬಿಟ್ಟು ಉಸಿರಾಡೋದು, ಕುತ್ತಿಗೆ ತಿರುಚೋದು ಇರುತ್ತೆ, ಒಂದರ ಹಿಂದೆ ಒಂದು ಸಾಯ್ತಾ ಹೋಗ್ತವೆ. ಇನ್ನೊಂದು ಮ್ಯಾರೆಕ್ಸ್ ಅಂತ ನರಕ್ಕೆ ಬರೋ ವೈರಸ್ ರೋಗ, ಅದ್ರಲ್ಲಿ ಒಂದು ಕಾಲು ಮುಂದಕ್ಕೆ ಇನ್ನೊಂದು ಹಿಂದಕ್ಕೆ ಚಾಚಿ ಬಿದ್ದಿರುತ್ತೆ, ಅದು ಹೆಚ್ಚಾಗಿ ಎಳೆ ಕೋಳಿಗಳಿಗೆ, ಮೊಟ್ಟೆಗೆ ಬರೋ ವಯಸ್ಸಿನ ಆಸುಪಾಸು. ಅದಕ್ಕೆ ಔಷಧಿ ಇಲ್ಲ, ಮರಿ ಹೊರಬಂದ ದಿನನೇ ಹ್ಯಾಚರಿಯಲ್ಲಿ ಲಸಿಕೆ ಆಗ್ಬೇಕು, ಮನೇಲಿ ಕಾವಿಗೆ ಕೂರಿಸಿ ತೆಗೆದ ಮರಿಗಳಿಗೆ ಅದು ಸಿಕ್ಕಿರಲ್ಲ. ನಿಮ್ಮ ಕೋಳಿಗೆ ಎರಡು ವರ್ಷ, ತಿನ್ನುತ್ತೆ, ಕಾಲು ಎತ್ತಿ ಹಿಡಿಯುತ್ತೆ ಅಂದ್ರೆ ಆ ಕಾಲಲ್ಲಿ ನೋವಿದೆ, ಬಲ ಹೋಗಿಲ್ಲ. ಇದು ದೊಡ್ಡ ವ್ಯತ್ಯಾಸ. ನರ ಹೋದ ಕೋಳಿ ಕಾಲು ಎಳೆಯುತ್ತೆ, ನೋವಿರೋ ಕೋಳಿ ಕಾಲು ಎತ್ತುತ್ತೆ.

ಮೊಟ್ಟೆ ನಿಲ್ಸಿದೆ ಅಂದ್ರಲ್ಲ, ಹೊಟ್ಟೆ ಕೆಳಗೆ ಕೈ ಇಟ್ಟು ನೋಡಿ, ಗಟ್ಟಿ ಮೊಟ್ಟೆ ಸಿಕ್ಕೊಂಡಿರೋ ಹಾಗಿದ್ರೆ, ನೆಟ್ಟಗೆ ನಿಂತು ಮುಕ್ಕರಿತಾ ಇದ್ರೆ ಅದು ಬೇರೆ ಕತೆ, ಅದು ಅರ್ಜೆಂಟ್. ಹಾಗಿಲ್ಲ ಅಂದ್ರೆ ನೋವಿಗೆ ಮೊಟ್ಟೆ ನಿಲ್ಸಿರುತ್ತೆ. ಗಿರಿರಾಜ ತೂಕದ ತಳಿ, ನಾಟಿ ಕೋಳಿ ತರ ಹಾರಿ ಇಳಿಯೋಕೆ ಆಗಲ್ಲ, ದೊಪ್ಪನೆ ಬೀಳುತ್ತೆ. ಮಳೆಗಾಲ ಬೇರೆ. ಅಂಗಾಲು ನೋಡಿ ಹೇಳಿ.

ತೋಟದಮನೆ_ಸಕಲೇಶಪುರ:
ಎಲ್ಲರಿಗೂ ತುಂಬಾ ಥ್ಯಾಂಕ್ಸ್. ನೆನ್ನೆ ರಾತ್ರಿ ಅತ್ತೆ ಹಿಡ್ಕೊಂಡ್ರು ನಾನು ಟಾರ್ಚ್ ಹಾಕಿ ನೋಡ್ದೆ. ದಾರ ಕೂದಲು ಏನೂ ಇಲ್ಲ, ಮೂಳೆ ನೆಟ್ಟಗಿದೆ, ಹೊಟ್ಟೆ ಮೆತ್ತಗಿದೆ. ಆದ್ರೆ ಅಂಗಾಲಿನ ನಡುಮಧ್ಯ ಹುಣಸೆ ಬೀಜದಷ್ಟು ಕಪ್ಪು ಹೆಕ್ಕಳೆ ಇದೆ, ಅದರ ಸುತ್ತ ಊದ್ಕೊಂಡು ಕೆಂಪಾಗಿದೆ, ಮುಟ್ಟಿದ್ರೆ ಇನ್ನೊಂದು ಕಾಲಿಗಿಂತ ಬಿಸಿ ಅನ್ಸುತ್ತೆ. ಮೇಲಿಂದ ನೋಡಿದ್ರೆ ಬೆರಳು ಸ್ವಲ್ಪ ಅಗಲ ಆಗಿರೋ ತರ ಕಾಣುತ್ತೆ ಅಷ್ಟೇ, ಎತ್ತಿ ನೋಡಿದ್ರೇನೇ ಗೊತ್ತಾಗೋದು. ನಮ್ಮ ಕೋಳಿಗಳು ರಾತ್ರಿ ಕಾಫಿ ಸ್ಟೋರಿನ ಅಟ್ಟದ ಮೇಲೆ ಕೂರ್ತವೆ, ಬೆಳಿಗ್ಗೆ ಅಲ್ಲಿಂದ ಸೀದಾ ಸಿಮೆಂಟ್ ಕಣಕ್ಕೆ ಹಾರ್ತವೆ, ಆಳೆತ್ತರ ಇದೆ. ಇದೂ ಹಾಗೇ ಹಾರ್ತಿತ್ತು.

ಪಶುವೈದ್ಯ_ಮಲೆನಾಡು:
ಹಾಗಿದ್ರೆ ಇದು ಬಂಬಲ್‌ಫುಟ್ ಮೇಡಂ. ಅಂಗಾಲಿಗೆ ಪೆಟ್ಟು ಬಿದ್ದೋ ಕಲ್ಲು ಮುಳ್ಳು ತಾಗಿಯೋ ಚರ್ಮ ಒಡೆದಿರುತ್ತೆ, ಮಳೇಲಿ ನೆಂದು ಮೆತ್ತಗಾದ ಕಾಲಿಗೆ ಅದು ಇನ್ನೂ ಸುಲಭ, ಅದರೊಳಗೆ ಸ್ಟೆಫೈಲೋಕಾಕಸ್ ಅನ್ನೋ ಬ್ಯಾಕ್ಟೀರಿಯಾ ಸೇರುತ್ತೆ. ಒಂದು ವಿಷಯ ಗೊತ್ತಿರಲಿ, ಕೋಳಿ ಕೀವು ನಮ್ಮ ಕೀವಿನ ತರ ನೀರಾಗಿ ಹರಿಯಲ್ಲ, ಗಟ್ಟಿ ಗಿಣ್ಣದ ತರ ಒಳಗೆ ಉಂಡೆ ಕಟ್ಟುತ್ತೆ. ಅದಕ್ಕೇ ಹಿಂಡಿದ್ರೆ ಏನೂ ಬರಲ್ಲ, ಹಿಂಡಿ ಹಿಂಡಿ ಇನ್ನೂ ಒಳಗೆ ತಳ್ಳಿದಂಗಾಗುತ್ತೆ. ದಯವಿಟ್ಟು ಹಿಂಡಬೇಡಿ, ಬ್ಲೇಡ್ ಹಾಕಬೇಡಿ. ಅಂಗಾಲಿನ ಪದರದ ಕೆಳಗೇ ಸ್ನಾಯುರಜ್ಜು ಇರುತ್ತೆ, ಅದು ಕುಯ್ದುಹೋದ್ರೆ ಬೆರಳು ಮಡಚೋಕಾಗಲ್ಲ.

ಮನೇಲಿ ಮಾಡಬಹುದಾದ್ದು ಇಷ್ಟು. ಕೈ ತಾಳೋ ಅಷ್ಟು ಬಿಸಿ ನೀರಿಗೆ ಎಪ್ಸಮ್ ಸಾಲ್ಟ್ ಹಾಕಿ, ಮೆಡಿಕಲ್ ಶಾಪಲ್ಲಿ ಸಿಗುತ್ತೆ, ಇಲ್ದಿದ್ರೆ ಅಡುಗೆ ಉಪ್ಪೇ ಆಗುತ್ತೆ, ಹತ್ತು ಹದಿನೈದು ನಿಮಿಷ ಕಾಲು ಅದರಲ್ಲಿ ಇಳಿಬಿಡಿ. ಕೋಳಿ ಸುಮ್ನೆ ಕೂತಿರುತ್ತೆ, ಬಿಸಿಗೆ ಹಿತ ಆಗುತ್ತೆ ಅದಕ್ಕೆ. ಆಮೇಲೆ ಒಣ ಬಟ್ಟೇಲಿ ಒತ್ತಿ ಒರೆಸಿ, ಪೊವಿಡೋನ್ ಅಯೋಡಿನ್ ಹಚ್ಚಿ, ಗಾಜ್ ತುಂಡು ಇಟ್ಟು ಬೆರಳ ಸಂದಿಯಿಂದ ತಂದು ಅಂಟೋ ಬ್ಯಾಂಡೇಜಲ್ಲಿ ಸುತ್ತಿ. ದಿನಾ ಬಿಚ್ಚಿ ಬದಲಾಯಿಸಿ, ಒದ್ದೆ ಆದ ಪಟ್ಟಿ ಕಟ್ಟದೇ ಇರೋದಕ್ಕಿಂತ ಕೆಟ್ಟದ್ದು. ದಿನಾ ನೆನೆಸ್ತಾ ಇದ್ರೆ ಹೆಕ್ಕಳೆ ತಾನಾಗೇ ಸಡಿಲ ಆಗಿ ಕೆಲವು ಸಲ ಒಳಗಿನ ಉಂಡೆನೂ ಜೊತೇಲೇ ಎದ್ದು ಬರುತ್ತೆ, ಬಂದ್ರೆ ಬರಲಿ, ಎಳೀಬೇಡಿ. ಕೈಗೆ ಗ್ಲೌಸ್ ಹಾಕ್ಕೊಳ್ಳಿ, ಆ ಬ್ಯಾಕ್ಟೀರಿಯಾ ನಮ್ಮ ಕೈಯ ಗಾಯಕ್ಕೂ ಹತ್ತುತ್ತೆ.

ನಾಲ್ಕೈದು ದಿನದಲ್ಲಿ ಊತ ಇಳೀಲಿಲ್ಲ, ಅಥವಾ ಊತ ಗೆಣ್ಣಿನ ಕಡೆ ಏರ್ತಿದೆ, ಮೇವು ಬಿಡ್ತು ಅಂದ್ರೆ ಕಾಯ್ಬೇಡಿ, ಡಾಕ್ಟರ್ ಹತ್ರ ಹೋಗಿ ತೆಗೆಸಿ. ನಿಮಗೆ ಹಾಸನದ ವೆಟರ್ನರಿ ಕಾಲೇಜು ಹತ್ರನೇ ಆಗುತ್ತೆ, ಇಲ್ಲ ಪಶು ಸಹಾಯವಾಣಿ 1962ಕ್ಕೆ ಫೋನ್ ಮಾಡಿ ಕೇಳಿ. ಆಂಟಿಬಯಾಟಿಕ್ ಬೇಕಾ ಬೇಡ್ವಾ ಅಂತ ಅವರು ನೋಡಿ ಹೇಳಲಿ, ತೂಕದ ಮೇಲೆ ಡೋಸ್ ಇರುತ್ತೆ. ಕೊಟ್ರೆ ಅವರು ಹೇಳಿದಷ್ಟು ದಿನ ಮೊಟ್ಟೆ ತಿನ್ನೋ ಹಾಗಿಲ್ಲ, ಮಾಂಸನೂ ಇಲ್ಲ.

ಕೋಳಿಪ್ರೇಮಿ_ತುಮಕೂರು:
ನಮ್ಮ ಹುಂಜಕ್ಕೂ ಇದೇ ಆಗಿದೆ ಅನ್ಸುತ್ತೆ. ನೋವಿಗೆ ಮನೇಲಿರೋ ಡೈಕ್ಲೋಫೆನಾಕ್ ಮಾತ್ರೆ ಅರ್ಧ ಪುಡಿ ಮಾಡಿ ಕೊಡಬಹುದಾ? ನಮ್ಮಪ್ಪನ ಮಂಡಿನೋವಿಗೆ ತಂದಿದ್ದು ಇದೆ.

ಬೆಟ್ಟದಕಡೆ_ರಾಮನಗರ:
ಬೇಡ ಬ್ರದರ್, ದಯವಿಟ್ಟು ಬೇಡ. ಡೈಕ್ಲೋಫೆನಾಕ್ ಕೋಳಿ ಕಿಡ್ನಿಗೆ ವಿಷ. ರಣಹದ್ದುಗಳು ದೇಶದಲ್ಲಿ ಹೇಳಹೆಸರಿಲ್ಲದಂಗೆ ಆಗಿದ್ದು ಇದೇ ಔಷಧಿಯಿಂದ, ಇದನ್ನ ಕೊಟ್ಟಿದ್ದ ಹಸು ಎಮ್ಮೆ ಸತ್ತಾಗ ಅದನ್ನ ತಿಂದು ಕಿಡ್ನಿ ಹೋಗಿ ಸತ್ತವು. 2006ರಲ್ಲಿ ದನಕರುಗಳಿಗೆ ಕೊಡೋದು ನಿಲ್ಲಿಸಿದ್ರು, 2023ರಲ್ಲಿ ಕೀಟೋಪ್ರೊಫೇನ್, ಅಸಿಕ್ಲೋಫೆನಾಕ್ ಕೂಡ ಬ್ಯಾನ್ ಆಯ್ತು. ನಮ್ಮೂರ ರಾಮದೇವರ ಬೆಟ್ಟನ 2012ರಲ್ಲಿ ರಣಹದ್ದು ಧಾಮ ಅಂತ ಮಾಡಿದ್ರು, ಬೆಟ್ಟದ ಮೇಲೆ ರಣಹದ್ದು ಹಾರೋದು ನೋಡೇ ಬೆಳೆದೋರು ನಾವು, ಈಗ ಕಾಣೋದೇ ಅಪರೂಪ. ಈ ಮಾತ್ರೆ ಹೆಸರು ಕೇಳಿದ್ರೆ ಹೊಟ್ಟೆ ಉರಿಯುತ್ತೆ. ನೋವಿಗೆ ಡಾಕ್ಟರುಗಳು ಮೆಲಾಕ್ಸಿಕಾಮ್ ಕೊಡ್ತಾರೆ, ಅದೂ ಅವರ ಲೆಕ್ಕದಲ್ಲಿ, ನಮ್ಮ ಅಂದಾಜಲ್ಲಿ ಅಲ್ಲ.

ಪಶುವೈದ್ಯ_ಮಲೆನಾಡು:
ರಾಮನಗರದವರು ಹೇಳಿದ್ದು ಸರಿ. ಇನ್ನೊಂದು, ಹುಂಜದ ಕಾಲಿನ ಹುರುಪೆ ಮೇಲೆದ್ದು ಬೆಳ್ಳಗೆ ಬೂದಿ ಹಚ್ಚಿದಂಗೆ ದಪ್ಪ ಆಗಿದ್ರೆ ಅದು ಬಂಬಲ್‌ಫುಟ್ ಅಲ್ಲ, ನುಸಿ. ಹುರುಪೆ ಕೆಳಗೆ ಸೇರ್ಕೊಂಡಿರುತ್ತೆ. ಕಾಲು ಉಗುರುಬೆಚ್ಚಗಿನ ನೀರಲ್ಲಿ ತೊಳೆದು ಕೊಬ್ಬರಿ ಎಣ್ಣೆನೋ ವ್ಯಾಸಲಿನ್‌ನೋ ದಪ್ಪಗೆ ಹಚ್ತಾ ಬನ್ನಿ, ಉಸಿರಾಡೋಕಾಗದೆ ಸಾಯ್ತವೆ, ಕೆಲವು ವಾರ ಬಿಡದೆ ಹಚ್ಚಬೇಕು. ಹಳ್ಳಿ ಕಡೆ ಸೀಮೆಎಣ್ಣೆ ಹಚ್ತಾರೆ, ಅದು ಚರ್ಮ ಸುಡುತ್ತೆ, ಬೇಡ. ಮತ್ತೆ ಅದು ಜೊತೆ ಕೋಳಿಗಳಿಗೂ ಹರಡುತ್ತೆ, ಎಲ್ಲದರ ಕಾಲೂ ನೋಡಿ.

ತೋಟದಮನೆ_ಸಕಲೇಶಪುರ:
ಸರ್ ನೀವು ಹೇಳಿದಂಗೆ ನೆನೆಸಿ ಪಟ್ಟಿ ಕಟ್ತಾ ಇದೀವಿ. ಊತ ಇಳಿದಿದೆ, ಬಿಸಿನೂ ಕಮ್ಮಿ ಆಗಿದೆ, ಹೆಕ್ಕಳೆ ಅಂಚಲ್ಲಿ ಬಿಡ್ತಿದೆ. ಇವತ್ತು ಬೆಳಿಗ್ಗೆ ಪಂಜರದೊಳಗೆ ಎರಡು ಹೆಜ್ಜೆ ಕಾಲೂರಿ ನಡೀತು. ಅತ್ತೆ ನೆನೆಸಿದ ರಾಗಿ, ನುಚ್ಚು, ನುಗ್ಗೆಸೊಪ್ಪು ಸಣ್ಣಗೆ ಹೆಚ್ಚಿ ಕೊಡ್ತಿದಾರೆ, ಮೊಟ್ಟೆ ಚಿಪ್ಪು ಹುರಿದು ಪುಡಿ ಮಾಡಿ ಬೆರೆಸಿ ಕೊಡ್ತಾರೆ. ಇದು ಸಾಕಾ? ಮತ್ತೆ ವಾಸಿಯಾದ್ಮೇಲೆ ಮತ್ತೆ ಅದೇ ಅಟ್ಟಕ್ಕೆ ಹತ್ತುತ್ತಲ್ಲ, ಏನ್ ಮಾಡೋದು?

ಹಿತ್ತಲಕೋಳಿ_ಹಾಸನ:
ಒಳ್ಳೆ ಸುದ್ದಿ ಅಕ್ಕ, ತುಂಬಾ ಖುಷಿ ಆಯ್ತು. ಮೇವು ಚೆನ್ನಾಗೇ ಇದೆ, ಆದ್ರೆ ಕೂತಲ್ಲೇ ಕೂತು ತಿಂದು ತೂಕ ಏರದಂಗೆ ನೋಡ್ಕೊಳ್ಳಿ, ಮೆಕ್ಕೆಜೋಳ ಕೊಡೋದಿದ್ರೆ ಕಮ್ಮಿ ಮಾಡಿ, ಸೊಪ್ಪು ಜಾಸ್ತಿ ಮಾಡಿ. ಅಟ್ಟ ಬಂದ್ ಮಾಡ್ಲೇಬೇಕು. ಏಣಿ ತೆಗೀರಿ ಇಲ್ಲ ಬಲೆ ಹೊಡೀರಿ, ಬದಲಿಗೆ ಗೂಡೊಳಗೆ ಒಂದೂವರೆ ಅಡಿ ಎತ್ತರದಲ್ಲಿ ಮರದ ರೀಪು ಕಟ್ಟಿ, ಅಗಲ ಇರೋ ಮಗ್ಗುಲು ಮೇಲಿರಲಿ, ಅಂಚು ಉಜ್ಜಿ ನುಣ್ಣಗೆ ಮಾಡಿ, ಸಿಬಿರು ಇದ್ರೆ ಮತ್ತೆ ಅಲ್ಲೇ ಚುಚ್ಚುತ್ತೆ. ಪಿವಿಸಿ ಪೈಪ್ ಹಾಕ್ಬೇಡಿ, ಜಾರುತ್ತೆ. ಇಳಿಯೋ ಜಾಗದಲ್ಲಿ ಹೊಟ್ಟು ದಪ್ಪಗಿರಲಿ, ಈ ಮಳೇಲಿ ಒದ್ದೆ ಆದಷ್ಟೂ ತೆಗೆದು ಒಣದು ಹಾಕ್ತಾ ಇರಿ. ಮತ್ತೆ ಉಳಿದ ಗಿರಿರಾಜ ಇದಾವಲ್ಲ, ಅವೂ ಅದೇ ಅಟ್ಟದಿಂದ ಹಾರಿರ್ತವೆ, ಇವತ್ತು ರಾತ್ರಿನೇ ಒಂದೊಂದನ್ನೇ ಎತ್ತಿ ಅಂಗಾಲು ನೋಡಿಬಿಡಿ.

ತೋಟದಮನೆ_ಸಕಲೇಶಪುರ:
ನೋಡಿದ್ವಿ ಅಣ್ಣ, ಇನ್ನೊಂದಕ್ಕೂ ಎಡಗಾಲಲ್ಲಿ ಸಣ್ಣ ಕಪ್ಪು ಚುಕ್ಕೆ ಇದೆ, ಊತ ಇಲ್ಲ, ಕುಂಟ್ತಾನೂ ಇಲ್ಲ. ಅದನ್ನೂ ನೆನೆಸೋಕೆ ಶುರು ಮಾಡಿದೀವಿ. ರೀಪು ನಾಳೆ ಕಟ್ಟುಸ್ತೀವಿ.