ಸಭೆಯ ಕೆಲಸ ಎಲ್ಲಾ ಆಗುತ್ತದೆ, ಒಬ್ಬಳೇ ಕೂತರೆ ಪ್ರಾರ್ಥನೆ ಬರುವುದಿಲ್ಲ

ಬಲ್ಮಠದವಳು:
ಎಲ್ಲರಿಗೂ ನಮಸ್ಕಾರ. ನಾನು ಮಂಗಳೂರಿನ ಸಿ.ಎಸ್.ಐ. (ಚರ್ಚ್ ಆಫ್ ಸೌತ್ ಇಂಡಿಯಾ) ಸಭೆಯವಳು, ಅಂದರೆ ಪ್ರೊಟೆಸ್ಟೆಂಟ್ ಚರ್ಚಿನವಳು. ಒಂಬತ್ತು ವರ್ಷದಿಂದ ಸಂಡೇ ಸ್ಕೂಲ್ ಟೀಚರ್. ಗಾಯನ ತಂಡದಲ್ಲಿ ಇದ್ದೇನೆ. ಬೆಳೆ ಹಬ್ಬದ ಏಲಂನಲ್ಲಿ ಲೆಕ್ಕ ಬರೆಯುವುದೂ ನಾನೇ. ಆದರೆ ಬೆಳಿಗ್ಗೆ ಐದೂಕಾಲಿಗೆ ಬೈಬಲ್ ಹಿಡಿದು ಕೂತರೆ ಎರಡೇ ನಿಮಿಷ. ಆಮೇಲೆ ಮಗನ ಟಿಫಿನ್‌ಗೆ ನೀರುದೋಸೆಯಾ ಪುಂಡಿಯಾ ಅಂತ ಯೋಚನೆ.

ವರ್ಷದೊಳಗೆ ಇಡೀ ಬೈಬಲ್ ಓದುವ ಪ್ಲಾನ್ ಕೂಡ ಮಾಡಿದ್ದೆ. 1189 ಅಧ್ಯಾಯ, ದಿನಕ್ಕೆ ಮೂರಕ್ಕಿಂತ ಜಾಸ್ತಿ. ಯಾಜಕಕಾಂಡದ ಕುಷ್ಠದ ನಿಯಮಕ್ಕೆ ಬಂದು ನಿಂತುಬಿಟ್ಟೆ.

ಕಳೆದ ತಿಂಗಳು ಕ್ಲಾಸಿನ ಒಬ್ಬ ಹುಡುಗಿ, "ಟೀಚರ್, ನೀವು ಮನೆಯಲ್ಲಿ ಏನಂತ ಪ್ರಾರ್ಥನೆ ಮಾಡ್ತೀರಿ?" ಅಂತ ಕೇಳಿದಳು. ಚಂದ ಮಾಡಿ ಸುಳ್ಳು ಹೇಳಿದೆ. ಅದು ಇನ್ನೂ ಚುಚ್ಚುತ್ತಿದೆ. ನನ್ನ ಅಜ್ಜಿಗೆ ಓದು ಅಷ್ಟಕ್ಕಷ್ಟೆ. ಬೀಡಿ ಕಟ್ಟುತ್ತಾ ದೇವರ ಹತ್ತಿರ ತುಳುವಿನಲ್ಲಿ ಜಗಳ ಮಾಡುತ್ತಿದ್ದರು, ಪಕ್ಕದ ಮನೆಯವರ ಹತ್ತಿರ ಮಾಡಿದ ಹಾಗೆ! ನನಗೆ ಯಾಕೆ ಬರುವುದಿಲ್ಲ?

ಉಡುಪಿ_ನಿವೃತ್ತ:
ಮೊದಲು ಆ ಪ್ಲಾನ್ ಬಿಡಿ. ಮಾರ್ಕನ ಸುವಾರ್ತೆ ಹದಿನಾರೇ ಅಧ್ಯಾಯ, ದಿನಕ್ಕೆ ಒಂದೇ ಘಟನೆ ಸಾಕು. ಆಮೇಲೆ ಬೈಬಲಿನ ಕೀರ್ತನೆಗಳ ಪುಸ್ತಕದಿಂದ ಒಂದು ಕೀರ್ತನೆ, ಗಟ್ಟಿಯಾಗಿ. 13ನೆಯದು ಆರೇ ವಚನ, "ಇನ್ನೆಷ್ಟರವರೆಗೆ" ಅಂತ ದೇವರನ್ನೇ ಕೇಳುತ್ತದೆ. 88ನೆಯದು ಕತ್ತಲೆಯಲ್ಲೇ ಮುಗಿಯುತ್ತದೆ. ಮಾತು ಬಾರದ ದಿನ ಬೇರೆಯವರ ಮಾತನ್ನು ಸಾಲ ತೆಗೆದುಕೊಳ್ಳಬಹುದು, ಅದರಲ್ಲಿ ನಾಚಿಕೆ ಏನಿಲ್ಲ.

ಬಿಕರ್ನಕಟ್ಟೆ_ಬಾಯಿ:
ನಾವು ಕೊಂಕಣಿ ಕಥೊಲಿಕರು. ಮನೆಯಲ್ಲಿ ಸಂಜೆ ತೇರ್ಸ್ ಉಂಟು, ಅಂದರೆ ಜಪಮಾಲೆಯ ಪ್ರಾರ್ಥನೆ. ನಿಜ ಹೇಳಬೇಕೆಂದರೆ ಮೂರನೇ ದಶಕಕ್ಕೆ (ಹತ್ತು ಮಣಿಗೆ ಒಂದು ದಶಕ) ನನಗೂ ತೂಕಡಿಕೆ. ನನಗೆ ಉಪಯೋಗ ಆದದ್ದು ಜೆಸ್ವಿಟ್ ಸಂಘ ಕಟ್ಟಿದ ಸಂತ ಇಗ್ನೇಷಿಯಸರ ಪರೀಕ್ಷೆ, ಅಂದರೆ ದಿನದ ಆತ್ಮಪರೀಕ್ಷೆ. ರಾತ್ರಿ ಮಲಗುವ ಮುಂಚೆ ಥ್ಯಾಂಕ್ಸ್ ಹೇಳಿ, ಬೆಳಕು ಕೇಳಿ, ದಿನವನ್ನು ಗಂಟೆ ಗಂಟೆಗೆ ತಿರುಗಿಸಿ ನೋಡುವುದು. ಎಲ್ಲಿ ತಪ್ಪಿದೆ ಅಂತ ಕ್ಷಮೆ ಕೇಳಿ, ನಾಳೆಗೆ ಒಂದು ನಿರ್ಧಾರ. ಟಿಫಿನ್ ಯೋಚನೆ ಬಂದರೆ ಬರಲಿ. ಪರೀಕ್ಷೆಗೆ ಬೇಕಾದ್ದು ಅದೇ ದಿನದ ಸಾಮಾನು, ಅಲ್ವಾ?

ಹೆಂಚಿನ_ಮನೆ:
ನನ್ನದು ಬೇರೆ ಪ್ರಶ್ನೆ. ಅಜ್ಜಿ ತುಳುವಿನಲ್ಲಿ ಜಗಳ ಮಾಡುತ್ತಿದ್ದರು. ನೀವು ಯಾವ ಭಾಷೆಯಲ್ಲಿ ಪ್ರಾರ್ಥಿಸುತ್ತೀರಿ? ಮನೆಯಲ್ಲಿ ತುಳು, ದೇವರ ಹತ್ತಿರ ಮಾತ್ರ "ಪರಲೋಕದಲ್ಲಿರುವ ಸರ್ವಶಕ್ತನೇ" ಅಂತ ಪುಸ್ತಕದ ಕನ್ನಡವಾ? ಸ್ವಿಟ್ಜರ್ಲೆಂಡಿನ ಬಾಸೆಲ್ ಊರಿನ ಕ್ರೈಸ್ತ ಸಂಸ್ಥೆ ಬಾಸೆಲ್ ಮಿಶನ್‌ನವರು 1834ರಲ್ಲಿ ಮಂಗಳೂರಿಗೆ ಇಳಿದರು. 1847ಕ್ಕೆಲ್ಲಾ ಅವರಲ್ಲೊಬ್ಬ ಮಿಶನರಿ ಗ್ರೈನರ್ ತುಳುವಿನಲ್ಲಿ ಹೊಸ ಒಡಂಬಡಿಕೆ ತಂದಾಗಿತ್ತು. ಜರ್ಮನಿಯವರೇ ಅಷ್ಟು ಕಷ್ಟಪಟ್ಟು ಕಲಿತ ಮೇಲೆ ನಮಗೆಂಥದು ಮಾರಾಯ್ರೇ?

ಇನ್ನೊಂದು. ಯೇಸು ಶಿಷ್ಯರನ್ನು ಒಬ್ಬೊಬ್ಬರನ್ನೇ ಕೋಣೆಯಲ್ಲಿ ಕೂರಿಸಿ ಕಲಿಸಲಿಲ್ಲ, ಜೊತೆಗೆ ನಡೆಸಿಕೊಂಡು ಹೋದ. ಸಭೆಯ ಹಿರಿಯ ಹೆಂಗಸರಲ್ಲಿ ಯಾರಾದರೂ ಒಬ್ಬರ ಜೊತೆ ವಾರಕ್ಕೊಮ್ಮೆ ಕೂರಿ.

ಬಲ್ಮಠದವಳು:
ಅಯ್ಯೋ, ಭಾಷೆಯ ಬಗ್ಗೆ ಯೋಚಿಸಿಯೇ ಇರಲಿಲ್ಲ. ನನ್ನ ಪ್ರಾರ್ಥನೆ ಪೂರ್ತಿ ಸಂಡೇ ಸ್ಕೂಲ್ ಕನ್ನಡ. ಮಕ್ಕಳು ಕೇಳಿಸಿಕೊಳ್ಳುತ್ತಾರೆ ಅನ್ನುವ ಹಾಗೆ!

ನಿನ್ನೆ ಬಂಗುಡೆ ಕ್ಲೀನ್ ಮಾಡುವಾಗ ಸುಮ್ನೆ "ದೇವೆರೇ, ಎನ್ನ ಕೈಟ್ ಆಪುಜಿ" ಅಂದೆ. ನನ್ನ ಕೈಲಿ ಆಗುವುದಿಲ್ಲ ಅಂತ. ಆಮೇಲೆ ಅತ್ತೆಯ ಔಷಧಿ, ಸಾಲದ ಕಂತು, ಎಲ್ಲಾ ಹೇಳಿದೆ. ಎರಡು ಮೀನು ಆಗುವಷ್ಟು ಹೊತ್ತು. ಅಷ್ಟರಲ್ಲಿ ಗ್ಯಾಸ್‌ನವನು ಬಂದ.

ಆ ಹುಡುಗಿಗೆ ಸುಳ್ಳು ಹೇಳಿದ್ದನ್ನು ಒಪ್ಪಿಕೊಳ್ಳಲಾ?

ಉಡುಪಿ_ನಿವೃತ್ತ:
ಒಪ್ಪಿಕೊಳ್ಳಿ. ಬಂಗುಡೆಯ ಕಥೆಯನ್ನೂ ಹೇಳಿ.

ಬಲ್ಮಠದವಳು:
ಭಾನುವಾರ ಹೇಳುತ್ತೇನೆ. ಅವಳು ಇನ್ನೊಂದು ಪ್ರಶ್ನೆ ಕೇಳುವುದು ಗ್ಯಾರಂಟಿ.